ಸೂಪರ್‌ಮ್ಯಾನ್ ಎತ್ತಿಕೊಂಡ ಅಳಿಲು

ಮುಂಬಯಿಯ ಮಾಟುಂಗದ ಉಡುಪಿ ಹೋಟೆಲೊಂದರಲ್ಲಿ ಭಾನುವಾರ ಬೆಳಿಗ್ಗೆ ಸೇರುವ ನಮ್ಮ ಗುಂಪಿನಲ್ಲಿ ಯಕ್ಷಗಾನದ ಹುಚ್ಚಿನವರೇ ಹೆಚ್ಚು. 2025ರಲ್ಲಿ ಜೇಮ್ಸ್ ಗನ್ ನಿರ್ದೇಶನದ ‘ಸೂಪರ್‌ಮ್ಯಾನ್’ ಬಂದಾಗ ಅಲ್ಲಿ ವಾಗ್ವಾದ ಎದ್ದದ್ದು ಒಂದು ಅಳಿಲಿನ ಬಗ್ಗೆ. ಊರನ್ನು ತುಳಿಯುತ್ತಿರುವ ದೈತ್ಯಪ್ರಾಣಿಯೊಡನೆ ಸೆಣಸುವ ನಡುವೆ ಸೂಪರ್‌ಮ್ಯಾನ್ ಒಂದು ಅಳಿಲನ್ನು ಅಪಾಯದಿಂದ ಪಾರುಮಾಡುತ್ತಾನೆ. ‘ಇದೆಂಥ ಹುಡುಗಾಟ!’ ಎಂದರು ಒಬ್ಬರು. ಸೂಪರ್‌ಹೀರೋ ಚಿತ್ರಗಳಲ್ಲಿ ಮಳೆ, ಕತ್ತಲೆ, ಹಲ್ಲುಕಚ್ಚಿದ ಮೌನ ಇವುಗಳನ್ನೇ ವರ್ಷಗಟ್ಟಲೆ ನೋಡಿ ಪಳಗಿದ ಕಣ್ಣಿಗೆ ಹಾಗೆ ಕಂಡಿದ್ದರಲ್ಲಿ ಆಶ್ಚರ್ಯವಿಲ್ಲ.

ಸೂಪರ್‌ಹೀರೋ ಕಥೆಗಳಲ್ಲಿ ಮೊದಲು ಎಲ್ಲವೂ ಬೆಳಕಾಗಿತ್ತು, ಆಮೇಲೆ ಕತ್ತಲಾಯಿತು ಎಂಬುದು ಮಾತ್ರ ಅರ್ಧಸತ್ಯ. 1938ರಲ್ಲಿ ಕಾಮಿಕ್ಸ್‌ನಲ್ಲಿ ಹುಟ್ಟಿದ ಸೂಪರ್‌ಮ್ಯಾನ್ ಸಾಕಷ್ಟು ಒರಟ. ಹೆಂಡತಿಗೆ ಹೊಡೆಯುವವನನ್ನು ಗೋಡೆಗೆ ಅಪ್ಪಳಿಸಿದವನು. 1939ರ ಬ್ಯಾಟ್‌ಮ್ಯಾನ್‌ನ ಮೊದಲ ಕಥೆಯಲ್ಲೇ ಖಳನೊಬ್ಬ ಏಟು ತಿಂದು ಆಮ್ಲದ ತೊಟ್ಟಿಗೆ ಬೀಳುತ್ತಾನೆ, ನಾಯಕನಿಗೆ ಲವಲೇಶವೂ ಪಶ್ಚಾತ್ತಾಪವಿಲ್ಲ. ಬೆಳಕು ಬಂದದ್ದು ಹೆಚ್ಚುಪಾಲು ಹೆದರಿಕೆಯಿಂದ. ಕಾಮಿಕ್ಸ್ ಮಕ್ಕಳನ್ನು ಕೆಡಿಸುತ್ತದೆ ಎಂಬ ಕೂಗೆದ್ದಾಗ ಅಮೆರಿಕದ ಪ್ರಕಾಶಕರು 1954ರಲ್ಲಿ ತಮಗೆ ತಾವೇ ಸಂಹಿತೆ ಹಾಕಿಕೊಂಡರು: ಒಳಿತೇ ಗೆಲ್ಲಬೇಕು, ಕೆಡುಕಿಗೆ ಶಿಕ್ಷೆಯಾಗಲೇಬೇಕು.

ಮುಂಬಯಿಯ ನಮ್ಮ ತಲೆಮಾರು ಬೆಳೆದದ್ದು ಅಂಥ ಬೆಳಕಿನಲ್ಲೇ. 1964ರಲ್ಲಿ ಇದೇ ಊರಿನಿಂದ ಹೊರಟ ಇಂದ್ರಜಾಲ ಕಾಮಿಕ್ಸ್‌ನ ನಾಯಕ ಫ್ಯಾಂಟಮ್ ಎದುರಾಳಿಯ ಬಂದೂಕನ್ನು ಗುಂಡಿಟ್ಟು ಬೀಳಿಸುತ್ತಿದ್ದನೇ ಹೊರತು ಎದೆಗೆ ಗುರಿಯಿಡುತ್ತಿರಲಿಲ್ಲ.

1986ರಲ್ಲಿ ಬಂದ ಎರಡು ಕಾಮಿಕ್ಸ್ ಕಥನಗಳು, ‘ವಾಚ್‌ಮೆನ್’ ಮತ್ತು ‘ದ ಡಾರ್ಕ್ ನೈಟ್ ರಿಟರ್ನ್ಸ್’, ಮುಖವಾಡ ತೊಟ್ಟು ನ್ಯಾಯ ಹೇಳುವವನಿಗೆ ಆ ಅಧಿಕಾರ ಕೊಟ್ಟವರು ಯಾರು ಎಂದು ಕೇಳಿದವು. ಅನುಕರಿಸಿದವರು ಪ್ರಶ್ನೆಯನ್ನು ಬಿಟ್ಟು ರಕ್ತವನ್ನಷ್ಟೇ ಎತ್ತಿಕೊಂಡರು. ಸಿನಿಮಾದಲ್ಲಂತೂ ಕತ್ತಲೆ–ಬೆಳಕುಗಳನ್ನು ನಿರ್ಧರಿಸಿದ್ದು ಗಲ್ಲಾಪೆಟ್ಟಿಗೆ. ಟಿಮ್ ಬರ್ಟನ್‌ರ 1992ರ ಬ್ಯಾಟ್‌ಮ್ಯಾನ್ ಚಿತ್ರ ಮಕ್ಕಳಿಗೆ ಭಯಾನಕವಾಯಿತೆಂದು ಪೋಷಕರು ಸಿಟ್ಟಾದರು. ನಿರ್ದೇಶಕರೇ ಬದಲಾದರು, ಬಣ್ಣ ಬಂತು. 1997ರ ಬ್ಯಾಟ್‌ಮ್ಯಾನ್ ಚಿತ್ರದಲ್ಲಿ ಆ ಬಣ್ಣ ನಗೆಪಾಟಲಾಯಿತು. 2005ರಲ್ಲಿ ಕ್ರಿಸ್ಟೋಫರ್ ನೋಲನ್ ಕತ್ತಲೆಯನ್ನು ಮರಳಿ ತಂದರು.

ನೋಲನ್‌ರ 2008ರ ‘ದ ಡಾರ್ಕ್ ನೈಟ್’ ಹೆಸರಿನಲ್ಲೇ ಕತ್ತಲೆಯಿದೆ. ಆದರೂ ಅದರ ಕೊನೆಯ ಭಾಗದಲ್ಲಿ ಎರಡು ದೋಣಿಗಳಿವೆ: ಒಂದರಲ್ಲಿ ಕೈದಿಗಳು, ಇನ್ನೊಂದರಲ್ಲಿ ನಾಗರಿಕರು. ಎದುರಿನ ದೋಣಿಯನ್ನು ಸ್ಫೋಟಿಸಿ ತಾವು ಬದುಕಬಹುದು ಎಂಬುದು ಖಳನ ಷರತ್ತು. ಒತ್ತುಗುಂಡಿಯನ್ನು ಯಾರೂ ಒತ್ತುವುದಿಲ್ಲ. ಸಾಮಾನ್ಯರ ಮೇಲೆ ಅಷ್ಟು ನಂಬಿಕೆ ಇಟ್ಟ ದೃಶ್ಯ ಎಷ್ಟೋ ಬಣ್ಣದ ಚಿತ್ರಗಳಲ್ಲೂ ಇಲ್ಲ. 2013ರ ‘ಮ್ಯಾನ್ ಆಫ್ ಸ್ಟೀಲ್’ ನೋಡಿ. ಒಂದು ಕುಟುಂಬವನ್ನು ಉಳಿಸಲು ಸೂಪರ್‌ಮ್ಯಾನ್ ವೈರಿಯ ಕೊರಳು ಮುರಿಯುತ್ತಾನೆ, ಚೀರುತ್ತಾನೆ. ಜನ ಜಗಳವಾಡಿದ್ದು ಆ ಕೊರಳಿನ ಬಗ್ಗೆ. ನನ್ನ ತಕರಾರು ಅದಕ್ಕಿಂತ ಮುಂಚಿನದು: ಗಗನಚುಂಬಿಗಳು ಸಾಲುಸಾಲಾಗಿ ಉರುಳಿದಾಗ ಅವುಗಳೊಳಗೆ ಇದ್ದವರ ಕಡೆ ಅವನೂ, ಕ್ಯಾಮೆರಾವೂ ತಿರುಗಿ ನೋಡುವುದೇ ಅಪರೂಪ. ನಾಯಕತ್ವ ಸೋರಿಹೋದದ್ದು ಅಲ್ಲಿ.

ಕತ್ತಲೆಗೆ ನಾವಂತೂ ಹೊಸಬರಲ್ಲ. ರನ್ನನ ದುರ್ಯೋಧನ ಸರ್ವಸ್ವವನ್ನೂ ಕಳೆದುಕೊಂಡು ರಣರಂಗದಲ್ಲಿ ನಡೆಯುವಾಗ ಹೆಣಗಳ ನಡುವೆ ನಿಲ್ಲುತ್ತಾನೆ. ವೈರಿಯ ಮಗ ಅಭಿಮನ್ಯುವಿನ ಸಾಹಸವನ್ನು ಬಾಯಿತುಂಬ ಹೊಗಳುತ್ತಾನೆ. ಅಷ್ಟು ಹೊತ್ತಾದರೂ ಅವನು ವೀರನಾಗಿ ಕಾಣುವುದು ಬಿದ್ದವರನ್ನು ಕಣ್ಣೆತ್ತಿ ನೋಡಿದ್ದರಿಂದ.

ಇದನ್ನು ನಾನು ಹೇಳುವಷ್ಟರಲ್ಲಿ ಕಾಫಿ ಆರಿತ್ತು. ಯಕ್ಷಗಾನದ ರಾಕ್ಷಸ ಪಾತ್ರಗಳಾದ ಬಣ್ಣದ ವೇಷಗಳ ಅಭಿಮಾನಿ ಹಿರಿಯರೊಬ್ಬರು ಲೋಟ ಕೆಳಗಿಟ್ಟು, ‘ಸೇತುವೆ ಕಟ್ಟುವಾಗ ಅಳಿಲು ಸೇವೆ ಮಾಡಿತ್ತು, ಆ ಸಾಲ ಈಗ ತೀರಿತು ಬಿಡಿ’ ಎಂದರು. ಹುಡುಗಾಟ ಎಂದಿದ್ದವರು ಮಾತ್ರ ಒಪ್ಪಲಿಲ್ಲ.