ಮುಂದಿನ ಸಾಲು ಖಾಲಿ ಇರಲಿ ಬಿಡಿ

ನನ್ನ ನಾಟಕದ ಟ್ರಂಕಿನಲ್ಲಿ ಬಣ್ಣ, ಮುಖವಾಡ, ಗೆಜ್ಜೆ, ಪಿನ್ನಿನ ಡಬ್ಬಿ ಇವುಗಳ ಜೊತೆ ಒಂದು ಟೇಪೂ ಇರುತ್ತದೆ. ಟೈಲರ್ ಟೇಪಲ್ಲ, ಗಾರೆ ಕೆಲಸದವರು ಇಟ್ಟುಕೊಳ್ಳುವ ಸ್ಟೀಲ್ ಟೇಪು. ಸೆಟ್ ಹಾಕಲು ಅಂತ ತೆಗೆದುಕೊಂಡಿದ್ದು. ಈಗ ಜಾಸ್ತಿ ಬಳಕೆಯಾಗುವುದು ಅಪ್ಪ ಅಮ್ಮಂದಿರ ಜೊತೆ ವಾದ ಮಾಡಲು.

ತುಮಕೂರಿನಲ್ಲಿ ಮಕ್ಕಳ ನಾಟಕ ಮಾಡಿಸುತ್ತಾ ಇಪ್ಪತ್ತು ವರ್ಷ ದಾಟಿತು. ಬೇಸಿಗೆ ಶಿಬಿರ, ಶಾಲೆ ವಾರ್ಷಿಕೋತ್ಸವ, ತಿಪಟೂರು, ಮಧುಗಿರಿ, ಶಿರಾ, ಪಾವಗಡ ಅಂತ ತಿರುಗಾಟ. ಪ್ರದರ್ಶನದ ಹೊತ್ತಿಗೆ ನಾನು ಸೈಡ್ ವಿಂಗಿನಲ್ಲಿ ನಿಂತಿರುತ್ತೇನೆ. ಅಲ್ಲಿಂದ ನಾಟಕ ಅರ್ಧ ಕಾಣುತ್ತದೆ, ಮೊದಲ ಸಾಲು ಪೂರ್ತಿ ಕಾಣುತ್ತದೆ. ಅಲ್ಲಿ ಕೂತ ಮೂರು ವರ್ಷದ, ನಾಲ್ಕು ವರ್ಷದ ಮುಖಗಳನ್ನು ಇಷ್ಟು ವರ್ಷ ನೋಡಿದ ಮೇಲೆ ಒಂದೇ ಮಾತು ಹೇಳಬೇಕು ಅನಿಸುತ್ತದೆ. ದಯವಿಟ್ಟು ಚಿಕ್ಕ ಮಕ್ಕಳನ್ನು ಮುಂದಿನ ಸಾಲಿನಲ್ಲಿ ಕೂರಿಸಬೇಡಿ.

ಮಿಕ್ಕಿದ್ದೆಲ್ಲ ನಿಮಗೆ ಗೊತ್ತಿರುವುದೇ. ಹೊಟ್ಟೆಗೆ ಏನಾದರೂ ಹಾಕಿ, ಬಾತ್‌ರೂಮಿಗೆ ಕರೆದುಕೊಂಡು ಹೋಗಿ ಬನ್ನಿ. ಸದ್ದು ಮಾಡುವ ಚಿಪ್ಸ್ ಪೊಟ್ಟಣ ಬೇಡ. ಮೊಬೈಲು ಒಳಗಿರಲಿ. ಕಾರ್ಡಿನಲ್ಲಿ ಆರು ಗಂಟೆ ಅಂತಿದ್ದರೆ ಸ್ವಾಗತ, ಹಾರ, ಭಾಷಣ, ವಂದನಾರ್ಪಣೆ ಮುಗಿದು ನಾಟಕ ಶುರುವಾಗುವುದು ಏಳಕ್ಕೆ. ಹಾಗಾಗಿ ಆರಕ್ಕೇ ಬಂದು ಮಗುವನ್ನು ಸುಸ್ತು ಮಾಡಿಸಬೇಡಿ. ಇದನ್ನು ಬರೆದಿದ್ದಕ್ಕೆ ಸಂಘಟಕರು ನನ್ನನ್ನು ಬೈಯಬಹುದು, ಬೈಯಲಿ.

ಮುಂದೆ ಕೂರಿಸಬೇಡಿ ಅಂದರೆ ಎಲ್ಲರದೂ ಒಂದೇ ಪ್ರಶ್ನೆ. "ಹಿಂದೆ ಕೂತ್ರೆ ಮಗೂಗೆ ಕಾಣೋದಾದ್ರೂ ಹೇಗೆ ಮೇಡಂ?"

ಆಗ ಟೇಪು ಹೊರಗೆ ಬರುತ್ತದೆ. ನಾಲ್ಕು ವರ್ಷದ ಮಗುವಿನ ಎತ್ತರ ಹೆಚ್ಚೂಕಡಿಮೆ ಮೂರೂಕಾಲು ಅಡಿ. ಕುರ್ಚಿಯ ಸೀಟು ನೆಲದಿಂದ ಒಂದೂವರೆ ಅಡಿ. ಸೀಟಿನಿಂದ ಮಗುವಿನ ಕಣ್ಣಿಗೆ ಇನ್ನೊಂದು ಒಂದೂವರೆ ಅಡಿ. ಒಟ್ಟು ಮೂರು ಅಡಿ. ಈಗ ರಂಗದ ಎತ್ತರ ಅಳೆಯಿರಿ. ನಾನು ಅಳೆದ ಬಹುಪಾಲು ಕಡೆ ಮೂರೂವರೆ ಅಡಿಗೆ ಕಡಿಮೆ ಇಲ್ಲ, ಕೆಲವು ಕಡೆ ನಾಲ್ಕು. ಅಂದರೆ ಮಗುವಿನ ಕಣ್ಣು ರಂಗದ ನೆಲಕ್ಕಿಂತ ಕೆಳಗೇ ಇದೆ! ನೀವು ಕೂತಾಗ ನಿಮ್ಮ ಕಣ್ಣು ನಾಲ್ಕು ಅಡಿ ಎತ್ತರದಲ್ಲಿರುತ್ತದೆ. ನಿಮಗೆ ಕಾಣುತ್ತದೆ. ನಿಮಗೆ ಕಾಣುತ್ತದೆ ಅಂತ ಮಗುವಿಗೂ ಕಾಣುತ್ತದೆ ಅಂದುಕೊಳ್ಳುತ್ತೀರಿ. ಎಡವಟ್ಟಾಗುವುದು ಅಲ್ಲೇ.

ನಿಂತಿರುವ ನಟ ಕಾಣುತ್ತಾನೆ, ಕಾಣುವುದಿಲ್ಲ ಅನ್ನುತ್ತಿಲ್ಲ. ಆದರೆ ಕತ್ತೆತ್ತಿ ನೋಡಬೇಕು, ಮುಕ್ಕಾಲು ಗಂಟೆ. ರಂಗದ ಹಿಂಭಾಗಕ್ಕೆ ಹೋದವನ ಪಾದ ಕಾಣುವುದಿಲ್ಲ. ನೆಲದ ಮೇಲೆ ಮಲಗಿದವನು ಹೆಚ್ಚೂಕಡಿಮೆ ಮಾಯ. ಮಕ್ಕಳ ನಾಟಕದಲ್ಲಿ ಅರ್ಧ ಆಟ ನಡೆಯುವುದೇ ನೆಲದ ಮೇಲೆ, ಅಲ್ವಾ? ಇಲಿ, ಕಪ್ಪೆ, ಹಾವು ಎಲ್ಲ ಅಲ್ಲೇ ತಾನೇ ಇರುವುದು. ಒಮ್ಮೆ ನಮ್ಮ ತಂಡದ ಹುಡುಗನೊಬ್ಬ ಗೋಣಿಚೀಲಕ್ಕೆ ಬಣ್ಣ ಬಳಿದು ಹೊದ್ದುಕೊಂಡು ಮೊಸಳೆ ಆಗಿದ್ದ. ಇಡೀ ನಾಟಕ ಹೊಟ್ಟೆ ಮೇಲೆ ತೆವಳಿದ, ಮೊಣಕೈ ತರಚಿಕೊಂಡ. ಮುಗಿದ ಮೇಲೆ ಮೊದಲ ಸಾಲಿನ ಪುಟ್ಟಿಯೊಬ್ಬಳು ಅವನ ಹತ್ತಿರವೇ ಬಂದು ಕೇಳಿದಳು. "ಅಣ್ಣಾ, ಎಲ್ರೂ ಮೊಸಳೆ ಮೊಸಳೆ ಅಂತಿದ್ರಲ್ಲ, ಎಲ್ಲಿತ್ತು ಅದು?" ಪಾಪ, ಅವನ ಮುಖ ನೋಡಬೇಕಿತ್ತು.

ಅಗಲದ್ದೂ ಇದೇ ಕತೆ. ರಂಗ ಮೂವತ್ತು ಅಡಿ ಅಗಲ ಇದ್ದರೆ ಮೊದಲ ಸಾಲಿನಿಂದ ಮಗು ಒಂದು ತುದಿ ನೋಡುತ್ತದೆ, ಇಲ್ಲ ಇನ್ನೊಂದು ತುದಿ ನೋಡುತ್ತದೆ. ಬಲಗಡೆ ಮೊಲ ಮಾತಾಡುವಾಗ ಎಡಗಡೆ ನರಿ ಬಂದು ಅವಿತುಕೊಳ್ಳುತ್ತದೆ, ಹಿಂದಿನ ಮಕ್ಕಳೆಲ್ಲ "ಹಿಂದೆ ನೋಡು, ಹಿಂದೆ ನೋಡು" ಅಂತ ಕಿರುಚುತ್ತಾರೆ. ಮೊದಲ ಸಾಲಿನ ಮಗು ನರಿಯನ್ನು ಬಿಟ್ಟು ತಾನೇ ಹಿಂದಕ್ಕೆ ತಿರುಗಿ ಜನರನ್ನು ನೋಡುತ್ತದೆ. ಇದನ್ನು ನಾನು ಎಷ್ಟು ಸಲ ನೋಡಿದ್ದೇನೋ.

ಇನ್ನು ಸದ್ದು. ನಮ್ಮ ಕಡೆ ಸ್ಪೀಕರ್ ಬಾಕ್ಸುಗಳನ್ನು ರಂಗದ ಎರಡು ಮೂಲೆಗೆ, ಕೆಳಗೆ ನಿಲ್ಲಿಸುತ್ತಾರೆ. ಮುಂದಿನ ಸಾಲಿನ ಕೊನೆಯ ಕುರ್ಚಿ ಅದರ ಬಾಯಿಗೇ ಇರುತ್ತದೆ. ಬಯಲಿನಲ್ಲಾದರೆ ದೂರ ಎರಡು ಪಟ್ಟಾದಾಗ ಸದ್ದು 6 ಡೆಸಿಬಲ್‌ನಷ್ಟು ಇಳಿಯುತ್ತದೆ. ಹಾಲ್‌ನಲ್ಲಿ ಗೋಡೆಗೆ ಬಡಿದು ವಾಪಸ್ ಬರುವುದರಿಂದ ಅಷ್ಟು ಇಳಿಯದು, ಆದರೂ ಇಳಿಯುತ್ತದೆ. ನಾಲ್ಕೈದು ಸಾಲು ಹಿಂದೆ ಹೋದರೆ ತಮಟೆ ತಮಟೆಯಾಗಿ ಕೇಳುತ್ತದೆ, ಎದೆಗೆ ಗುದ್ದಿದ ಹಾಗಲ್ಲ. ನಾನು ಡಾಕ್ಟರಲ್ಲ. ಕಿವಿಯ ತೊಂದರೆ ಇರುವ ಮಗುವಾದರೆ ಡಾಕ್ಟರನ್ನೇ ಕೇಳಿ. ಕನ್ನಡಕ ಹಾಕಿಯೂ ದೂರದ್ದು ಮಸುಕಾಗಿಯೇ ಕಾಣುವ ಮಗುವಿಗೆ ಮೂರನೇ ಸಾಲು ಸರಿಹೋಗಬಹುದು. ಒಂದೊಂದು ಹಾಲ್ ಒಂದೊಂದು ಥರ, ಮಕ್ಕಳೂ ಹಾಗೇ.

ಆದರೆ ಕಾಣಿಸದಿರುವುದು, ಕಿವಿಗೆ ಬಡಿಯುವುದು ಇವೆಲ್ಲ ಚಿಕ್ಕ ವಿಷಯ. ದೊಡ್ಡ ವಿಷಯ ಬಾಗಿಲು.

ಮೂರರಿಂದ ಐದು ವರ್ಷದ ಮಕ್ಕಳಿಗೆ ಮುಖವಾಡ, ದಪ್ಪ ಬಣ್ಣ ಕಂಡರೆ ಹೆದರಿಕೆ ಆಗುವುದು ಮಾಮೂಲು. ಅಷ್ಟು ಹೊತ್ತು ಅಣ್ಣನಾಗಿದ್ದವನು ಮುಖವಾಡ ಹಾಕಿಕೊಂಡ ಕೂಡಲೇ ಬೇರೆಯವನೇ ಆಗಿಬಿಡುತ್ತಾನೆ ಅವರ ಕಣ್ಣಿಗೆ. ಹೆದರಿದ ಮಗುವಿಗೆ ಬೇಕಾಗಿರುವುದು ಎರಡೇ: ಒಂದಷ್ಟು ದೂರ, ಎದ್ದು ಹೋಗಲು ದಾರಿ. ಮೊದಲ ಸಾಲಿನಲ್ಲಿ ಎರಡೂ ಇಲ್ಲ. ಅಲ್ಲಿಂದ ಎದ್ದು ಬರಬೇಕಾದರೆ ರಂಗದ ಬೆಳಕಿನಲ್ಲೇ, ಇಡೀ ಸಭೆ ನೋಡುತ್ತಿರುವಾಗ, ಅಳುವ ಮಗುವನ್ನು ಎತ್ತಿಕೊಂಡು ಹಾಲ್‌ನ ಉದ್ದಕ್ಕೂ ನಡೆಯಬೇಕು. ಅದಕ್ಕೆ ನಾಚಿಕೆ. ಆ ನಾಚಿಕೆಗೆ ಅಪ್ಪಂದಿರು ಕೂತೇ ಇರುತ್ತಾರೆ.

ಒಂದು ಸಂಜೆ ನಮ್ಮ ರಾಕ್ಷಸ ರಂಗಕ್ಕೆ ಬಂದ. ಅವನು ಹಗಲು ಹೊತ್ತು ಕಾಲೇಜಿನಲ್ಲಿ ಪಾಠ ಮಾಡುವ ಸಾಧು ಮನುಷ್ಯ. ಮುಂದೆ ಕೂತಿದ್ದ ಮೂರು ವರ್ಷದ ಹುಡುಗಿ ಕಿಟಾರನೆ ಕಿರುಚಿಕೊಂಡಳು. ಅಪ್ಪ ಏನು ಮಾಡಬೇಕಿತ್ತು? ಎತ್ತಿಕೊಂಡು ಆಚೆ ಹೋಗಬೇಕಿತ್ತು. ಅವರು ಮಗುವಿನ ಗದ್ದ ಹಿಡಿದು ಮುಖವನ್ನು ರಂಗದ ಕಡೆಗೇ ತಿರುಗಿಸಿದರು. "ನೋಡು ಪುಟ್ಟಿ, ಏನೂ ಮಾಡಲ್ಲ ಕಣೇ, ನೋಡು ನೋಡು." ಅವಳು ಕಣ್ಣು ಮುಚ್ಚಿಕೊಂಡರೆ ಕೈ ಬಿಡಿಸಿದರು. ನಮ್ಮ ರಾಕ್ಷಸನಿಗೂ ಅಷ್ಟೇ ವಯಸ್ಸಿನ ಮಗಳಿದ್ದಾಳೆ. ಅವನಿಗೆ ಮಾತೇ ಮರೆತುಹೋಯಿತು. ಗದೆ ಕೆಳಗಿಟ್ಟು ಹಿಂದೆ ಹಿಂದೆ ಸರಿದ. ಕೊನೆಗೆ ರಾಕ್ಷಸ ಸಾಯುವ ಮುಂಚೆಯೇ ವಿಂಗಿಗೆ ಬಂದು "ಅಕ್ಕಾ, ನನ್ ಕೈಲಾಗಲ್ಲ" ಅಂದ. ನಾನೇ ಬೈದು ವಾಪಸ್ ಕಳಿಸಿದೆ. ಎರಡು ವರ್ಷ ಆದ ಮೇಲೆ ಆ ಮಗುವಿನ ತಾಯಿ ಸಿಕ್ಕಿದ್ದರು. ಹುಡುಗಿ ಈಗಲೂ ಲೈಟ್ ಆರಿದ ಹಾಲ್‌ಗೆ ಕಾಲಿಡುವುದಿಲ್ಲವಂತೆ. ಅದೊಂದೇ ಕಾರಣವೋ ಏನೋ, ನಾನು ಹೇಳಲಾರೆ. ಆದರೆ ಆ ಗದ್ದ ಹಿಡಿದ ಕೈ ನನ್ನ ಕಣ್ಣಿನಿಂದ ಹೋಗಿಲ್ಲ.

ಆ ಅಪ್ಪ ಕೆಟ್ಟವರಲ್ಲ. ಮುಂದಿನ ಕುರ್ಚಿ ಅಂದರೆ ಮರ್ಯಾದೆ ಅಂತ ನಮ್ಮ ರಕ್ತದಲ್ಲೇ ಬಂದುಬಿಟ್ಟಿದೆ. ಕಂಪನಿ ನಾಟಕದ ಕಾಲದಲ್ಲಿ ಮುಂದಿನ ಕುರ್ಚಿಗೇ ದುಡ್ಡು ಜಾಸ್ತಿ. ನಮ್ಮದು ಗುಬ್ಬಿ ಕಂಪನಿಯ ಜಿಲ್ಲೆ. 1884ರಲ್ಲಿ ಹುಟ್ಟಿದ ಆ ಕಂಪನಿಗೆ ವೀರಣ್ಣನವರು ಚಿಕ್ಕ ಹುಡುಗನಾಗಿದ್ದಾಗಲೇ ಸೇರಿ, ಮುಂದೆ ಅದರ ಯಜಮಾನರಾಗಿ, ಆನೆ ಕುದುರೆಗಳನ್ನೇ ರಂಗಕ್ಕೆ ಹತ್ತಿಸಿದವರು. ಆ ಆನೆಯನ್ನು ಹತ್ತಿರದಿಂದ ನೋಡಲು ಯಾರು ತಾನೇ ದುಡ್ಡು ಕೊಡುತ್ತಿರಲಿಲ್ಲ? ತಮಾಷೆ ಅಂದರೆ ಅದೇ ಜನ ಟಾಕೀಸಿಗೆ ಹೋದರೆ ಪರದೆ ಹತ್ತಿರದ ಗಾಂಧಿ ಕ್ಲಾಸ್ ಬೇಡವೇ ಬೇಡ, ಕತ್ತು ನೋಯುತ್ತದೆ ಅಂತ ಹಿಂದಕ್ಕೆ ಓಡುತ್ತಿದ್ದರು. ಸಿನಿಮಾಕ್ಕೆ ಇರುವ ಬುದ್ಧಿ ನಾಟಕಕ್ಕೆ ಬಂದಾಗ ಎಲ್ಲಿ ಹೋಗುತ್ತದೋ.

ಇಲ್ಲಿಗೆ ಬಂದಾಗ ಯಾರಾದರೂ ಹಿರಿಯರು ನನ್ನನ್ನು ತಡೆಯುತ್ತಾರೆ. "ನಾವು ಬಯಲಾಟ ನೋಡಿದ್ದು ಮುಂದೇ ಕೂತ್ಕೊಂಡು ಕಣಮ್ಮ, ನಮಗೇನಾಯ್ತು?" ನಿಜ. ನಾನೂ ಹಾಗೇ ನೋಡಿದವಳು. ತಿಪಟೂರು ಕಡೆಯ ನಮ್ಮೂರಿನಲ್ಲಿ ಮೂಡಲಪಾಯ ಬಯಲಾಟ ಆಡುತ್ತಿದ್ದರು. ಭಾಗವತರ ಪದ, ಮದ್ದಳೆ, ಮುಖವೀಣೆ, ಮಧ್ಯದಲ್ಲಿ ಕೋಡಂಗಿಯ ಕುಚೇಷ್ಟೆ. ನಾವು ಚಿಳ್ಳೆಪಿಳ್ಳೆಗಳೆಲ್ಲ ಮುಂದೆ, ಚಾಪೆ ಮೇಲೆ. ಆದರೆ ಸ್ವಲ್ಪ ನೆನಪು ಮಾಡಿಕೊಳ್ಳಿ. ಅಟ್ಟ ಎಷ್ಟು ಎತ್ತರ ಇತ್ತು? ನಮ್ಮೂರಿನಲ್ಲಿ ಮೊಣಕಾಲಷ್ಟು. ಕುರ್ಚಿ ಇತ್ತೇ? ಮೈಕು ಇತ್ತೇ? ಎಲ್ಲಕ್ಕಿಂತ ಮುಖ್ಯ, ಬಾಗಿಲು ಎಲ್ಲಿತ್ತು? ಸುತ್ತಲೂ ಬರೀ ಬಾಗಿಲೇ! ಬಣ್ಣದ ವೇಷ ಅಬ್ಬರಿಸಿಕೊಂಡು ಬಂದರೆ ನಾನು ಎದ್ದು ಓಡುತ್ತಿದ್ದೆ. ಹಿಂದೆ ಕಂಬಳಿ ಹೊದ್ದು ಕೂತ ಅಜ್ಜಿಯ ಸೆರಗಿನೊಳಗೆ ನುಗ್ಗಿ, ಒಂದು ಕಣ್ಣು ಮಾತ್ರ ಆಚೆ ಹಾಕಿ ನೋಡುತ್ತಿದ್ದೆ. ಧೈರ್ಯ ಬಂದಾಗ ಮತ್ತೆ ಮುಂದಕ್ಕೆ. ಮತ್ತೆ ಓಟ. ನಿದ್ದೆ ಬಂದರೆ ಅಲ್ಲೇ ಮಲಗುವುದು. ಕಡ್ಲೆಪುರಿ ಮಾರುವವನ ಹತ್ತಿರ ಹೋಗಿ ಸುಮ್ನೆ ನಿಲ್ಲುವುದು. ಎಷ್ಟು ಹತ್ತಿರ, ಎಷ್ಟು ದೂರ ಅನ್ನುವುದು ಮಗುವಿನ ಕಾಲಲ್ಲೇ ಇತ್ತು. ಹಾಲ್‌ನಲ್ಲಿ ಆ ಕಾಲು ನಿಮ್ಮದು. ನೀವು ಎದ್ದರೆ ಮಾತ್ರ ಮಗು ಎದ್ದ ಹಾಗೆ.

ಪುಟ್ಟ ಮಕ್ಕಳಿಗೇ ಅಂತ ಮಾಡಿ, ನೆಲದ ಮೇಲೆ ಸುತ್ತ ಕೂರಿಸಿ ಆಡುವ ನಾಟಕಗಳೂ ಇವೆ. ಅಲ್ಲಿ ಮುಂದೇ ಕೂರಲಿ. ನಟರೂ ಅದಕ್ಕೆ ತಕ್ಕ ಹಾಗೆ ದನಿ ಇಳಿಸಿಕೊಂಡಿರುತ್ತಾರೆ. ಕೋಲಾರದ ತೇರಹಳ್ಳಿ ಬೆಟ್ಟದ ಮೇಲೆ ಆದಿಮ ಸಾಂಸ್ಕೃತಿಕ ಕೇಂದ್ರದವರು ಹುಣ್ಣಿಮೆ ರಾತ್ರಿ ನಡೆಸುವ 'ಹುಣ್ಣಿಮೆ ಹಾಡು' ಅಂಥ ಬಯಲಿನ ಕಾರ್ಯಕ್ರಮಕ್ಕಾದರೆ ನನ್ನ ಟೇಪು ಬೇಕಾಗಿಯೇ ಇಲ್ಲ, ಒಂದು ಸ್ವೆಟರ್ ಇದ್ದರೆ ಸಾಕು. ನಾನು ಹೇಳುತ್ತಿರುವುದು ಎತ್ತರದ ರಂಗ, ಸಾಲು ಕುರ್ಚಿ, ಒಂದೋ ಎರಡೋ ಬಾಗಿಲಿರುವ ಜಾಗದ ಬಗ್ಗೆ.

ಹಾಗಾದರೆ ಎಲ್ಲಿ ಕೂರಬೇಕು? ಆರನೇ ಸಾಲಿನ ಆಸುಪಾಸು, ನಡುವಿನ ದಾರಿ ಪಕ್ಕದ ಕುರ್ಚಿ. ದಾರಿ ಪಕ್ಕ ಅನ್ನುವುದನ್ನು ಮರೆಯಬೇಡಿ. ಮುಂದಿನವರ ತಲೆ ಅಡ್ಡ ಬಂದರೆ ಮಗು ದಾರಿಯ ಕಡೆ ವಾಲಿಕೊಂಡು ನೋಡಬಹುದು, ನಿಮ್ಮ ತೊಡೆ ಏರಬಹುದು. ಅತ್ತರೆ ಎರಡೇ ಹೆಜ್ಜೆಗೆ ದಾರಿ, ಯಾರ ಕಾಲನ್ನೂ ತುಳಿಯಬೇಕಾಗಿಲ್ಲ. ಇನ್ನೊಂದು ವಿಷಯ. ತಾನೇ ಮಡಚಿಕೊಳ್ಳುವ ಸೀಟುಗಳಿರುತ್ತವಲ್ಲ, ಅವಕ್ಕೆ ಹದಿನಾಲ್ಕು ಹದಿನೈದು ಕಿಲೋ ತೂಕ ಲೆಕ್ಕಕ್ಕಿಲ್ಲ. ಮಗು ಸ್ವಲ್ಪ ಹಿಂದಕ್ಕೆ ಸರಿದರೆ ಸೀಟು ಅದನ್ನು ಮಸಾಲೆ ದೋಸೆ ಥರ ಮಡಚಿಬಿಡುತ್ತದೆ. ನಿಮ್ಮ ಕೈ ಅದರ ಮೇಲಿರಲಿ.

ಆಚೆ ಹೋದ ಮೇಲೆ ಬೈಯಬೇಡಿ, ನಗಬೇಡಿ. ಬಾಗಿಲ ಹತ್ತಿರ ನಿಂತುಕೊಳ್ಳಿ. ಸದ್ದು ಮಾತ್ರ ಕೇಳಲಿ. ಹತ್ತರಲ್ಲಿ ಆರೇಳು ಮಕ್ಕಳು ಐದು ನಿಮಿಷದಲ್ಲಿ ತಾವೇ ಇಣುಕುತ್ತವೆ. ಇದು ನಾನು ಕಂಡ ಅಂದಾಜು ಅಷ್ಟೇ, ಲೆಕ್ಕ ಇಟ್ಟವಳಲ್ಲ. ಇಣುಕದಿದ್ದರೆ ಮನೆಗೆ ಹೋಗಿ. ನಮ್ಮ ಐವತ್ತು ರೂಪಾಯಿ ಟಿಕೆಟ್ ಹೋದರೆ ಹೋಯಿತು, ಮುಂದಿನ ವರ್ಷ ಬನ್ನಿ, ಹಳೇ ಟಿಕೆಟ್ ತೋರಿಸಿದರೆ ನಾನೇ ಒಳಗೆ ಬಿಡುತ್ತೇನೆ.

ಈಗ ನಮ್ಮ ಪ್ರದರ್ಶನ ಇದ್ದಲ್ಲಿ ಮುಂದಿನ ಎರಡು ಸಾಲಿಗೆ ಹಗ್ಗ ಕಟ್ಟುತ್ತೇನೆ. ಸಂಘಟಕರಿಗೆ ಸಂಕಟ. ಖಾಲಿ ಕುರ್ಚಿ ಫೋಟೊದಲ್ಲಿ ಚೆನ್ನಾಗಿ ಕಾಣುವುದಿಲ್ಲವಂತೆ. ಮಾರ್ಚ್ 20 ವಿಶ್ವ ಮಕ್ಕಳ ರಂಗಭೂಮಿ ದಿನ. ಮಾರ್ಚ್ 27ರ ವಿಶ್ವ ರಂಗಭೂಮಿ ದಿನದ ಗಲಾಟೆಯಲ್ಲಿ ಪಾಪ ಇದನ್ನು ಕೇಳುವವರಿಲ್ಲ. ಮೊನ್ನೆ ಈ ಮಕ್ಕಳ ರಂಗಭೂಮಿ ದಿನಕ್ಕೆ ಅಂತ ಒಂದು ಊರಿನಲ್ಲಿ ನಾಟಕ ಇತ್ತು. ಮುಖ್ಯ ಅತಿಥಿಗಳು ಮೊಮ್ಮಗನನ್ನೂ ಕರೆತಂದಿದ್ದರು, ನಾಲ್ಕು ವರ್ಷದವನು. ಅವರ ಜೊತೆ ಬಂದವರು ನನ್ನ ಹಗ್ಗ ಬಿಚ್ಚಿ, ಸೋಫಾ ಎಳೆದು, ಅಜ್ಜ ಮೊಮ್ಮಗ ಇಬ್ಬರನ್ನೂ ನಟ್ಟ ನಡುವೆ ಕೂರಿಸಿದರು. ನಾನು ಬಾಯಿ ತೆರೆಯುವಷ್ಟರಲ್ಲಿ ಲೈಟ್ ಆರಿತು. ನಮ್ಮ ರಾಕ್ಷಸ ಬರುವುದು ಎಂಟನೇ ನಿಮಿಷಕ್ಕೆ. ನಾನು ವಿಂಗಿನಲ್ಲಿ ಗಡಿಯಾರ ನೋಡುತ್ತಾ ನಿಂತೆ.

ಎಂಟೂವರೆ ನಿಮಿಷಕ್ಕೆ ಅತಿಥಿಗಳು ಎದ್ದರು. ತಲೆಯ ಮೇಲೆ ಮೈಸೂರು ಪೇಟ, ಹೆಗಲ ಮೇಲೆ ಶಾಲು, ಆ ಶಾಲಿನೊಳಗೆ ಕಾಲು ಝಾಡಿಸುತ್ತಿರುವ ಮೊಮ್ಮಗ. ಹಾಲ್ ಪೂರ್ತಿ ನೋಡುತ್ತಿತ್ತು. ಒಂದು ಸಲವೂ ಹಿಂದೆ ತಿರುಗದೆ ನಡೆದುಕೊಂಡು ಹೋದರು. ಅಯ್ಯೋ, ಇವತ್ತು ನಮ್ಮ ಕತೆ ಮುಗಿಯಿತು ಅಂದುಕೊಂಡೆ.

ನಾಟಕ ಮುಗಿದು ಲೈಟ್ ಹಾಕಿದಾಗ ನೋಡುತ್ತೇನೆ, ಹಿಂದಿನ ಬಾಗಿಲ ಹತ್ತಿರ ಗೋಡೆಗೆ ಒರಗಿ ನಿಂತಿದ್ದಾರೆ. ಪೇಟ ಈಗ ಮೊಮ್ಮಗನ ತಲೆ ಮೇಲಿತ್ತು, ಮೊಮ್ಮಗ ಅಜ್ಜನ ಹೆಗಲ ಮೇಲೆ. ಇಬ್ಬರೂ ಚಪ್ಪಾಳೆ ತಟ್ಟುತ್ತಿದ್ದರು. ಕಾಲು ನೋಯಲಿಲ್ಲವಾ ಸಾರ್ ಅಂತ ಕೇಳಿದ್ದಕ್ಕೆ, "ಕೂತ್ಕೊಳಕ್ಕೆ ಬಿಡ್ಲಿಲ್ಲ ಕಣಮ್ಮ ಇವ್ನು" ಅಂದರು.