ಪದ ಪರಿಚಯ: ವಿಶ್ವ ಸಂಗೀತ ಅಂದರೆ ಫ್ಯೂಷನ್ ಅಲ್ಲ

‘ವಿಶ್ವ ಸಂಗೀತ, ಸಾಂಸ್ಕೃತಿಕ ವೈವಿಧ್ಯತೆ ಮತ್ತು ಆಧ್ಯಾತ್ಮಗಳ ಅಪೂರ್ವ ಸಂಗಮ.’ ಸಂಗೀತದ ಬಗ್ಗೆ ಯಾವುದೇ ಸಾಕ್ಷ್ಯಚಿತ್ರ ಬರಲಿ, ಅದರ ಪರಿಚಯಕ್ಕೆ ಈ ಸಾಲು ಸಿದ್ಧವಾಗಿ ಕೂತಿರುತ್ತದೆ. ಒಮ್ಮೊಮ್ಮೆ ‘ಸಂಗಮ’ ಹೋಗಿ ‘ಯಾನ’ ಬರುತ್ತದೆ, ಅಷ್ಟೇ. ಚಿತ್ರ ಹಾಕಿ ನೋಡಿದರೆ ಒಂದು ತಬಲಾ, ಒಂದು ಗಿಟಾರು, ಒಂದು ಬಿದಿರ ಕೊಳಲು, ಅಡಿಯಲ್ಲಿ ಕೀಬೋರ್ಡಿನ ಒಂದೇ ಎಳೆದ ಸ್ವರ. ಇದನ್ನು ಫ್ಯೂಷನ್ ಅನ್ನಿ, ಯಾರ ತಕರಾರೂ ಇಲ್ಲ. ವಿಶ್ವ ಸಂಗೀತ ಅನ್ನುವುದು ಬೇರೆ ಪದ, ಅದರ ಅರ್ಥವೂ ಬೇರೆ. ಆ ಅರ್ಥ ಅದಕ್ಕೆ ಯಾವ ದಿನ ಅಂಟಿಕೊಂಡಿತು ಎಂಬುದು ಕೂಡ ಗೊತ್ತಿದೆ. ಎಷ್ಟು ಪದಗಳಿಗೆ ಇಂಥ ಜಾತಕ ಸಿಗುತ್ತದೆ?

ಅದಕ್ಕೂ ಮೊದಲು ಜೂನ್ 21ರ ಗೊಂದಲವನ್ನು ಮುಗಿಸಿಬಿಡೋಣ. ಪ್ರತಿ ವರ್ಷ ಆ ದಿನ ‘ವಿಶ್ವ ಸಂಗೀತ ದಿನ’ದ ಶುಭಾಶಯಗಳ ಜೊತೆಗೆ ‘ಬನ್ನಿ, ವಿಶ್ವ ಸಂಗೀತವನ್ನು ಸಂಭ್ರಮಿಸೋಣ’ ಎಂಬ ಕರೆಯೂ ಬರುತ್ತದೆ. ಅಲ್ಲಿ ‘ವಿಶ್ವ’ ಸೇರಬೇಕಾದದ್ದು ‘ದಿನ’ಕ್ಕೆ, ‘ಸಂಗೀತ’ಕ್ಕಲ್ಲ. ವಿಶ್ವ ಪರಿಸರ ದಿನ ಅಂದಾಗ ‘ವಿಶ್ವ ಪರಿಸರ’ ಎಂಬ ಇನ್ನೊಂದು ಪರಿಸರ ಇದೆ ಅಂತ ಯಾರೂ ಅಂದುಕೊಳ್ಳುವುದಿಲ್ಲ. ಸಂಗೀತದ ವಿಷಯಕ್ಕೆ ಬಂದ ಕೂಡಲೇ ಸಮಾಸ ಬಿಡಿಸುವುದೇ ಮರೆತುಹೋಗುತ್ತದೆ. ಈ ದಿನ ಹುಟ್ಟಿದ್ದು 1982ರಲ್ಲಿ, ಫ್ರಾನ್ಸಿನಲ್ಲಿ, ಜ್ಯಾಕ್ ಲಾಂಗ್ ಸಂಸ್ಕೃತಿ ಸಚಿವರಾಗಿದ್ದಾಗ. ಅದರ ಫ್ರೆಂಚ್ ಹೆಸರು ‘ಫೆತ್ ದ ಲಾ ಮ್ಯೂಸಿಕ್’, ಅಂದರೆ ಬರೀ ಸಂಗೀತದ ಹಬ್ಬ. ವಿಶ್ವ ಅದರಲ್ಲಿ ಇಲ್ಲವೇ ಇಲ್ಲ. ಹಾಡಲು, ನುಡಿಸಲು ಬರುವವರೆಲ್ಲ ಬೀದಿಗೆ ಬಂದು ಹಾಡಲಿ, ನುಡಿಸಲಿ ಎಂಬುದು ಅದರ ಆಶಯ. ರಾಕ್ ಆದರೂ ಸರಿ, ಪಿಯಾನೋ ಆದರೂ ಸರಿ.

ಈಗ ನಮ್ಮ ಪದ, ಅಂದರೆ ಇಂಗ್ಲಿಷಿನ ‘ವರ್ಲ್ಡ್ ಮ್ಯೂಸಿಕ್’. ಇದನ್ನು ಚಲಾವಣೆಗೆ ತಂದ ಶ್ರೇಯಸ್ಸನ್ನು ಸಾಮಾನ್ಯವಾಗಿ ರಾಬರ್ಟ್ ಬ್ರೌನ್ ಅವರಿಗೆ ಕೊಡುತ್ತಾರೆ. ಬ್ರೌನ್ 1960ರ ದಶಕದಲ್ಲಿ ಅಮೆರಿಕದ ಕನೆಕ್ಟಿಕಟ್ ರಾಜ್ಯದ ವೆಸ್ಲಿಯನ್ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುತ್ತಿದ್ದವರು. ಅವರ ಪಿಎಚ್‌ಡಿ ಪ್ರಬಂಧದ ವಿಷಯ ದಕ್ಷಿಣ ಭಾರತದ ಮೃದಂಗ. ಸಂಗೀತ ವಿಭಾಗ ಅಂದರೆ ಬಾಖ್, ಬೀಥೋವನ್ ಎಂದೇ ಅರ್ಥವಾಗುತ್ತಿದ್ದ ಕಾಲದಲ್ಲಿ ಏಷ್ಯಾ, ಆಫ್ರಿಕಾಗಳಿಂದ ಕಲಾವಿದರನ್ನೇ ಕರೆಸಿ, ವಿದ್ಯಾರ್ಥಿಗಳನ್ನು ಅವರೆದುರು ಕೂರಿಸಿದರು. ಮೃದಂಗ ವಿದ್ವಾನ್ ಟಿ. ರಂಗನಾಥನ್ ಹಾಗೆ ಹೋಗಿ ಅಲ್ಲಿ ಬಹುಕಾಲ ಕಲಿಸಿದರು. ಬೇರೆಯವರ ಸಂಗೀತವನ್ನು ಪುಸ್ತಕದಲ್ಲಿ ಓದಿ ಬಿಡುವುದಲ್ಲ, ಕೈಗೆ ಬರುವ ತನಕ ಕಲಿಯಬೇಕು ಎಂಬ ಹಟ ಆ ಪದದ ಹಿಂದಿತ್ತು. ಅಲ್ಲಿಯವರೆಗೂ ಅದು ಪಾಠದ ಕೋಣೆಯ ಪದ.

ಅದು ಮಾರುಕಟ್ಟೆಗೆ ಇಳಿದದ್ದು 1987ರ ಜೂನ್ 29ರಂದು. ಲಂಡನ್ನಿನ ಇಸ್ಲಿಂಗ್ಟನ್ ಭಾಗದ ‘ಎಂಪ್ರೆಸ್ ಆಫ್ ರಷ್ಯಾ’ ಎಂಬ ಪಬ್ಬಿನ ಮಹಡಿಯಲ್ಲಿ ಸಣ್ಣಪುಟ್ಟ ರೆಕಾರ್ಡ್ ಕಂಪನಿಗಳವರು, ಒಂದಿಬ್ಬರು ಪತ್ರಕರ್ತರು, ರೇಡಿಯೊದವರು ಸೇರಿದ್ದರು. ಅಧ್ಯಾತ್ಮದ ಮಾತು ಅಲ್ಲಿ ಬಂದಿರಲಿಕ್ಕಿಲ್ಲ. ಅವರ ತಲೆನೋವು ಬೇರೆ. ಸೆನೆಗಲ್‌ನ ಗಾಯಕ ಯೂಸು ಎನ್‌ಡೂರ್, ಬಲ್ಗೇರಿಯಾದ ಹೆಂಗಸರ ವೃಂದಗಾನ, ಪಂಜಾಬಿನ ಕವ್ವಾಲಿ, ಇವುಗಳ ರೆಕಾರ್ಡುಗಳನ್ನು ಅಂಗಡಿಯವರು ಎಲ್ಲಿಡಬೇಕು? ರಾಕ್‌ನಲ್ಲಿಡುವಂತಿಲ್ಲ, ಜಾಝ್‌ನಲ್ಲಿಡುವಂತಿಲ್ಲ. ಇಡಲು ಜಾಗವಿಲ್ಲ ಅಂದಮೇಲೆ ಅಂಗಡಿಯವರು ತರಿಸುವುದನ್ನೇ ಬಿಡುತ್ತಿದ್ದರು. ಹಿಂದಿನ ವರ್ಷವಷ್ಟೇ ಪಾಲ್ ಸೈಮನ್ ದಕ್ಷಿಣ ಆಫ್ರಿಕಾದ ಹಾಡುಗಾರರ ಜೊತೆ ಸೇರಿ ಮಾಡಿದ ಆಲ್ಬಂ ಭರ್ಜರಿಯಾಗಿ ಓಡಿತ್ತು. ಕೇಳುವವರಿದ್ದಾರೆ, ಅವರ ಕೈಗೆ ಸಿಗುವ ದಾರಿ ಇಲ್ಲ ಎಂಬ ಪರಿಸ್ಥಿತಿ.

ಹೆಸರಿಗಾಗಿ ಚರ್ಚೆ ನಡೆಯಿತು. ‘ವರ್ಲ್ಡ್ ಬೀಟ್’ ಅಂದರೆ ತಾಳವಾದ್ಯ ಇಲ್ಲದ್ದೆಲ್ಲ ಹೊರಗುಳಿಯುತ್ತದೆ. ‘ಟ್ರಾಪಿಕಲ್’, ಅಂದರೆ ಉಷ್ಣವಲಯದ್ದು, ಎಂದರೆ ಬಲ್ಗೇರಿಯಾದವರು ಹೊರಗೆ. ಅಲ್ಲಿ ಹಿಮ ಬೀಳುತ್ತದೆ. ಕೊನೆಗೆ ಉಳಿದದ್ದು ‘ವರ್ಲ್ಡ್ ಮ್ಯೂಸಿಕ್’. ಅದು ಎಲ್ಲಕ್ಕಿಂತ ಒಳ್ಳೆಯ ಹೆಸರು ಅಂತಲ್ಲ, ಯಾರನ್ನೂ ಹೊರಗಿಡದ ಹೆಸರು ಅಂತ. ಎಲ್ಲರೂ ಕೈಯಿಂದ ಒಂದಿಷ್ಟು ಹಣ ಹಾಕಿದರು, ಅಂಗಡಿಗಳ ಕಪಾಟಿನಲ್ಲಿ ಸಿಕ್ಕಿಸುವ ಹೆಸರಿನ ಕಾರ್ಡುಗಳನ್ನು ಅಚ್ಚು ಹಾಕಿಸಿದರು, ಅಕ್ಟೋಬರ್ ತಿಂಗಳನ್ನು ವರ್ಲ್ಡ್ ಮ್ಯೂಸಿಕ್ ತಿಂಗಳೆಂದು ಸಾರಿದರು. ನಮ್ಮವರು ಅದನ್ನು ‘ವಿಶ್ವ ಸಂಗೀತ’ ಎಂದು ಕನ್ನಡಿಸಿದಾಗ ಕಪಾಟು ಬಿದ್ದುಹೋಯಿತು, ‘ವಿಶ್ವ’ದ ಘನತೆ ಮಾತ್ರ ಉಳಿಯಿತು. ಎಡವಟ್ಟಿನ ಮೂಲ ಇದೇ ಎಂದು ನನ್ನ ಗುಮಾನಿ. ‘ವಿಶ್ವ’ ಎಂದ ಕೂಡಲೇ ವಿಶ್ವಮಾನವ, ವಿಶ್ವಶಾಂತಿಗಳೆಲ್ಲ ತಾವಾಗಿಯೇ ಸಾಲುಗಟ್ಟಿ ಬರುತ್ತವೆ.

ಹಾಗಾಗಿ ಅರ್ಥ ಇಷ್ಟು: ಇಂಗ್ಲಿಷ್ ಜಗತ್ತಿನ ರೆಕಾರ್ಡ್ ಅಂಗಡಿಯಲ್ಲಿ ಬೇರೆ ಯಾವ ಕಪಾಟಿಗೂ ಸೇರದೆ ಉಳಿದ ಸಂಗೀತ. ಇದಕ್ಕೆ ಲಕ್ಷಣ ಹುಡುಕಬೇಡಿ. ಎಲ್ಲದಕ್ಕೂ ಸಮಾನವಾದ ತಾಳ, ಶ್ರುತಿ, ವಾದ್ಯ, ಹಾಡುವ ಕ್ರಮ, ಒಂದೂ ಇಲ್ಲ. ಪದ ಹೇಳುವುದು ಕೇಳುಗ ಎಲ್ಲಿ ನಿಂತಿದ್ದಾನೆ ಎಂಬುದನ್ನು ಮಾತ್ರ. ಸೆನೆಗಲ್‌ನ ರಾಜಧಾನಿ ಡಾಕರ್‌ನಲ್ಲಿ ಎನ್‌ಡೂರ್ ಹಾಡುವುದು ಎಂಬಲಾಖ್ ಎಂಬ ಜನಪ್ರಿಯ ಕುಣಿತದ ಸಂಗೀತ. ಅದೇ ಹಾಡು ಲಂಡನ್ನಿಗೆ ಬಂದಿಳಿದಾಗ ವಿಶ್ವ ಸಂಗೀತ.

ಫ್ಯೂಷನ್ ಹಾಗಲ್ಲ. ಅದು ಮಾಡುವ ಕ್ರಿಯೆ. ಎರಡು ಪರಂಪರೆಯವರು ಒಟ್ಟಿಗೆ ಕೂತು ಮೂರನೆಯದೊಂದನ್ನು ಕಟ್ಟುತ್ತಾರೆ. 1970ರ ದಶಕದಲ್ಲಿ ಜಾನ್ ಮೆಕ್‌ಲಾಫ್ಲಿನ್ ಗಿಟಾರು ಹಿಡಿದು, ಎಲ್. ಶಂಕರ್ ಪಿಟೀಲು, ಝಾಕಿರ್ ಹುಸೇನ್ ತಬಲಾ, ವಿಕ್ಕು ವಿನಾಯಕರಾಮ್ ಘಟ ಹಿಡಿದು ‘ಶಕ್ತಿ’ ತಂಡದಲ್ಲಿ ಮಾಡಿದ್ದು ಫ್ಯೂಷನ್. ಅದನ್ನು ಕಪಾಟಿನಲ್ಲಿ ಎಲ್ಲಿಡುತ್ತೀರಿ ಎಂಬುದು ಅಂಗಡಿಯವರ ಚಿಂತೆ. ನುಸ್ರತ್ ಫತೇ ಅಲಿ ಖಾನ್ ದರ್ಗಾದ ಎದುರು ಕೂತು ಹಾಡಿದ ಕವ್ವಾಲಿಯಲ್ಲಿ ಇಂಥ ಬೆರಕೆ ಏನೂ ಇಲ್ಲ, ಆದರೂ ಅದರ ರೆಕಾರ್ಡು ಅದೇ ಕಪಾಟಿಗೆ ಹೋಗುತ್ತದೆ. 1990ರಲ್ಲಿ ಅವರು ಕೆನಡಾದ ಗಿಟಾರ್ ವಾದಕ ಮೈಕಲ್ ಬ್ರೂಕ್ ಜೊತೆ ಮಾಡಿದ ಆಲ್ಬಮ್ಮು ಫ್ಯೂಷನ್. ಅದೂ ಅಲ್ಲಿಗೇ. ಕಪಾಟಿಗೆ ವ್ಯತ್ಯಾಸ ಗೊತ್ತಾಗದಿದ್ದರೆ ಕ್ಷಮಿಸಬಹುದು, ಬರೆಯುವವರಿಗೆ ಗೊತ್ತಿರಬೇಕು.

ಗೊತ್ತಿಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಒಂದು ಜೋಗುಳದ ಕತೆ ಇದೆ. ಸೊಲೊಮನ್ ದ್ವೀಪಗಳಲ್ಲಿ ಮಲೈಟಾ ಎಂಬುದೊಂದು ದ್ವೀಪ. ಅಲ್ಲಿ ಅಫುನಕ್ವಾ ಎಂಬ ಹೆಂಗಸು ಬಯೆಗು ಭಾಷೆಯಲ್ಲಿ ಹಾಡಿದ ‘ರೊರೊಗ್ವೆಲಾ’ ಎಂಬ ಜೋಗುಳವನ್ನು ಸಂಗೀತ ಸಂಶೋಧಕ ಹ್ಯೂಗೊ ಜೆಂಪ್ ಧ್ವನಿಮುದ್ರಿಸಿಕೊಂಡರು. ಅದು 1973ರಲ್ಲಿ ಯುನೆಸ್ಕೊದ ಸಂಗ್ರಹವೊಂದರಲ್ಲಿ ಹೊರಬಂತು. ಹಾಡಿನ ತಿರುಳು ತಣ್ಣಗಿನದಲ್ಲ: ತಂದೆತಾಯಿ ಸತ್ತಿದ್ದಾರೆ, ಅಳುವ ತಮ್ಮನನ್ನು ದೊಡ್ಡ ಮಗು ಸಮಾಧಾನ ಮಾಡುತ್ತಿದೆ, ಅತ್ತರೆ ಎತ್ತಿಕೊಳ್ಳಲು ಇನ್ಯಾರಿದ್ದಾರೆ ಎನ್ನುತ್ತಿದೆ. 1992ರಲ್ಲಿ ‘ಡೀಪ್ ಫಾರೆಸ್ಟ್’ ಎಂಬ ಫ್ರೆಂಚ್ ಜೋಡಿ ಈ ದನಿಯನ್ನು ತೆಗೆದು ಡ್ರಮ್ ಮಷೀನು, ಸಿಂಥಸೈಜರ್ ಸೇರಿಸಿ ಹಾಡು ಮಾಡಿತು. ಆಲ್ಬಮ್ಮಿನ ಮೈತುಂಬ ಇದ್ದದ್ದು ಮಧ್ಯ ಆಫ್ರಿಕಾದ ಕಾಡಿನ ಪಿಗ್ಮಿ ಜನರ ಮಾತು. ಪೆಸಿಫಿಕ್ ಸಾಗರದ ಹೆಂಗಸು ಆಫ್ರಿಕಾದವಳಾದಳು. ಹಾಡು ಗೆದ್ದಿತು, ಜಾಹೀರಾತುಗಳಿಗೂ ಹೋಯಿತು. 1996ರಲ್ಲಿ ನಾರ್ವೆಯ ಸ್ಯಾಕ್ಸೊಫೋನ್ ವಾದಕ ಯಾನ್ ಗಾರ್ಬರೆಕ್ ಅದೇ ಧಾಟಿಯನ್ನು ನುಡಿಸಿ ‘ಪಿಗ್ಮಿ ಜೋಗುಳ’ ಎಂದೇ ಹೆಸರಿಟ್ಟರು. ಸಂಶೋಧಕ ಸ್ಟೀವನ್ ಫೆಲ್ಡ್ ಇದರ ಎಳೆಗಳನ್ನೆಲ್ಲ ಬಿಡಿಸಿ ಬರೆದಿದ್ದಾರೆ. ಕೇಳುವ ಕೋಟ್ಯಂತರ ಮಂದಿಗೆ ಅದು ಹಿತವಾದ, ಮನಸ್ಸಿಗೆ ಶಾಂತಿ ಕೊಡುವ, ಎಲ್ಲಿಯದೋ ಒಂದು ದನಿ. ‘ಸಂಗೀತಕ್ಕೆ ಭಾಷೆಯ ಹಂಗಿಲ್ಲ’ ಎಂದು ಬರೆಯುವವರು ಈ ಹಾಡಿನ ಮಾತಿನ ಅರ್ಥ ತಿಳಿದ ಮೇಲೆ ಇನ್ನೊಮ್ಮೆ ಕೇಳಿ ನೋಡಬೇಕು.

ಸಾಂಸ್ಕೃತಿಕ ವೈವಿಧ್ಯದ ಬಗ್ಗೆ ಹೆಚ್ಚು ಹೇಳುವುದಿಲ್ಲ. ‘ವೈವಿಧ್ಯ’ ಎಂದರೆ ಸಾಕು, ‘ತೆ’ ಬೇಡ, ವಿವಿಧತೆಯೇ ವೈವಿಧ್ಯ. ಹಾಗೆಯೇ ‘ಅಧ್ಯಾತ್ಮ’ಕ್ಕೆ ಮೊದಲಲ್ಲಿ ದೀರ್ಘವಿಲ್ಲ. ‘ಆಧ್ಯಾತ್ಮಿಕ’ಕ್ಕೆ ಇದೆ. ಇಷ್ಟು ಹೇಳಿದ್ದರಿಂದ ಏನೂ ಬದಲಾಗುವುದಿಲ್ಲ ಎಂಬುದೂ ಗೊತ್ತು.

ಅಧ್ಯಾತ್ಮದ ಕತೆ ಬೇರೆ. ಈ ಬಗೆಯ ಸಾಕ್ಷ್ಯಚಿತ್ರಗಳಲ್ಲಿ ಅದು ಬಹುಪಾಲು ಒಂದೇ ದೃಶ್ಯ: ಬಿಳಿ ಲಂಗ ಅರಳಿಸಿಕೊಂಡು ನಿಧಾನಗತಿಯಲ್ಲಿ ಸುತ್ತುವ ದರ್ವೇಶಿ. ಮೆವ್ಲೆವಿ ಎಂಬ ಸೂಫಿ ಪಂಥದ ಆ ಸುತ್ತುವ ಆಚರಣೆಯ ಹೆಸರು ‘ಸೆಮಾ’. ಅದರಲ್ಲಿ ತಲೆಯ ಮೇಲಿನ ಉದ್ದ ಟೋಪಿ ಗೋರಿಕಲ್ಲು, ಮೊದಲು ಹೊದ್ದು ಬರುವ ಕಪ್ಪು ನಿಲುವಂಗಿ ಗೋರಿ, ಬಿಳಿ ಲಂಗ ಹೆಣಕ್ಕೆ ಹೊದಿಸುವ ಕಫನ್ ಬಟ್ಟೆ. ನಿಲುವಂಗಿ ಕಳಚಿ ಸುತ್ತಲು ಶುರುಮಾಡಿದಾಗ ಬಲಗೈ ಆಕಾಶಕ್ಕೆ, ಎಡಗೈ ನೆಲಕ್ಕೆ. ಸುತ್ತುವುದಕ್ಕೆ ಮೊದಲು ಪ್ರವಾದಿಯ ಸ್ತುತಿ ಇದೆ, ‘ನೆಯ್’ ಎಂಬ ಜೊಂಡಿನ ಕೊಳಲಿನ ಆಲಾಪವಿದೆ. ಸುತ್ತುವುದರಲ್ಲೂ ನಾಲ್ಕು ಘಟ್ಟಗಳಿವೆ, ಕೊನೆಗೆ ಕುರಾನ್ ಪಠಣವಿದೆ. ಅಂದಹಾಗೆ ಆ ಪಠಣಕ್ಕೆ ಎಷ್ಟೇ ಇಂಪಾದ ರಾಗವಿರಲಿ, ಓದುವವರು ಅದನ್ನು ಸಂಗೀತ ಎಂದು ಕರೆಯುವುದಿಲ್ಲ. ತುರ್ಕಿಯಲ್ಲಿ 1925ರಲ್ಲಿ ಈ ಪಂಥಗಳ ಮಠಗಳನ್ನೇ ಕಾನೂನು ಮಾಡಿ ಮುಚ್ಚಿದರು. 1950ರ ದಶಕದಲ್ಲಿ ಕೊನ್ಯಾ ಊರಿನಲ್ಲಿ ಸೆಮಾ ಮತ್ತೆ ಕಾಣಿಸಿಕೊಂಡದ್ದು ಸೂಫಿ ಕವಿ ರೂಮಿಯ ನೆನಪಿನ ಕಾರ್ಯಕ್ರಮವಾಗಿ, ಪ್ರೇಕ್ಷಕರೆದುರು. ಈ ಸಾವು, ಈ ನಿಷೇಧ, ಈ ಕ್ರಮ ಎಲ್ಲವನ್ನೂ ಕತ್ತರಿಸಿ ಲಂಗದ ವೃತ್ತವನ್ನಷ್ಟೇ ಉಳಿಸಿಕೊಂಡರೆ ಅದು ನೋಡಲು ಚೆಂದ. ಅದಕ್ಕೆ ‘ಮತಗಳ ಗಡಿ ಮೀರಿದ ಅಧ್ಯಾತ್ಮ’ ಎಂಬ ಹೆಸರು ಕೊಡುವುದು ಮಾತ್ರ ಅತಿಯಾಯಿತು. ಗಡಿ ಮೀರಿದ್ದು ಎಡಿಟಿಂಗ್ ಟೇಬಲ್ಲು.

ಚೆನ್ನಾಗಿ ಮಾಡಿದವರೂ ಇದ್ದಾರೆ. ಕ್ಯೂಬಾದ ಮುದಿ ಹಾಡುಗಾರರ ಬಗ್ಗೆ ವಿಮ್ ವೆಂಡರ್ಸ್ 1999ರಲ್ಲಿ ತೆಗೆದ ‘ಬುಯೆನಾ ವಿಸ್ತಾ ಸೋಶಿಯಲ್ ಕ್ಲಬ್’ ಚಿತ್ರದಲ್ಲಿ ಅವರಲ್ಲೊಬ್ಬರಾದ ಇಬ್ರಾಹಿಂ ಫೆರೆರ್ ತನ್ನ ಮನೆಯಲ್ಲಿಟ್ಟ ಸಂತ ಲಾಜರಸ್‌ನನ್ನು ತೋರಿಸುತ್ತಾರೆ. ಅವನಿಗೆ ಜೇನು ಇಡುತ್ತೇನೆ, ರಮ್ಮೂ ಇಡುತ್ತೇನೆ ಅನ್ನುತ್ತಾರೆ. ಅಧ್ಯಾತ್ಮ ಎಂಬ ಮಾತನ್ನು ಯಾರೂ ಎತ್ತುವುದಿಲ್ಲ. ಅವರು ಹಾಡುವುದು ಸೋನ್, ಬೊಲೆರೊ ಎಂಬ ಕ್ಯೂಬಾದ ಹಾಡುಗಳನ್ನು.

ತಕರಾರು ಹೊಸದೇನಲ್ಲ. 1999ರಲ್ಲೇ ರಾಕ್ ಹಾಡುಗಾರ ಡೇವಿಡ್ ಬರ್ನ್ ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಈ ಪದವನ್ನು ತರಾಟೆಗೆ ತೆಗೆದುಕೊಂಡರು, ಹೊರಗಿನವರದನ್ನೆಲ್ಲ ಒಂದೇ ಮೂಟೆ ಕಟ್ಟುವ ಪದ ಎಂದು. 2020ರಲ್ಲಿ ಗ್ರ್ಯಾಮಿಯವರು ತಮ್ಮ ಪ್ರಶಸ್ತಿಯ ಹೆಸರಿನಲ್ಲಿ ‘ವರ್ಲ್ಡ್’ ತೆಗೆದು ‘ಗ್ಲೋಬಲ್’ ಮಾಡಿದರು. ಕನ್ನಡಕ್ಕೆ ತಂದರೆ ‘ವಿಶ್ವ’ ಹೋಗಿ ‘ಜಾಗತಿಕ’ ಬಂದಂತೆ. ಕಪಾಟು ಅಲ್ಲೇ ಇದೆ. ಇನ್ನೊಂದು ತಮಾಷೆ ಎಂದರೆ, ಮಂತ್ರಪಠಣದ ಆಲ್ಬಮ್ಮುಗಳು ಆ ಕಪಾಟಿಗೆ ಬರುವುದೂ ಇಲ್ಲ, ಅವಕ್ಕೆ ನ್ಯೂ ಏಜ್ ವಿಭಾಗದಲ್ಲಿ, ಅಂದರೆ ಧ್ಯಾನಕ್ಕೆ, ವಿಶ್ರಾಂತಿಗೆ ಹಾಕಿಕೊಳ್ಳುವ ಸಂಗೀತದ ಜೊತೆ, ಜಾಗ. ವಿಶ್ವ ಸಂಗೀತ ಅಂದರೆ ಅಧ್ಯಾತ್ಮ ಎನ್ನುವವರು ಗ್ರ್ಯಾಮಿಯವರನ್ನೇ ಕೇಳಬಹುದು.

ಉತ್ಸವಕ್ಕೋ ಅಂಗಡಿಯ ವಿಭಾಗಕ್ಕೋ ಈ ಪದ ಬಳಸಿ, ಅದು ಹುಟ್ಟಿದ್ದೇ ಅದಕ್ಕೆ. ಚಿತ್ರದ ಪರಿಚಯ ಬರೆಯುವಾಗ ಬೇಡ. ‘ಮೊರಾಕ್ಕೊದ ಗ್ನಾವಾ ಜನ ರಾತ್ರಿಯಿಡೀ ನಡೆಸುವ ಲೀಲಾ ಎಂಬ ಆಚರಣೆ, ಒಂಟೆ ಚರ್ಮ ಹೊದಿಸಿದ ಮೂರು ತಂತಿಯ ಗಿಂಬ್ರಿ ವಾದ್ಯ, ಕಬ್ಬಿಣದ ತಾಳಗಳು, ಗುಲಾಮರಾಗಿ ಸಹಾರಾ ದಾಟಿ ಬಂದವರ ಮಕ್ಕಳು ಮೊಮ್ಮಕ್ಕಳು’ ಎಂದು ಬರೆದರೆ ಜಾಗವೇನೂ ಹೆಚ್ಚು ಹಿಡಿಯುವುದಿಲ್ಲ. ಹಾಗೆ ಬರೆಯುವಾಗ ಆ ‘ಲೀಲಾ’ವನ್ನು ನಮ್ಮ ಲೀಲೆಗೆ ಗಂಟುಹಾಕಬೇಡಿ. ಅರಬ್ಬಿಯಲ್ಲಿ ಅದರರ್ಥ ರಾತ್ರಿ.