ತೊಗರಿ ಉಳಿಯಬೇಕಾದರೆ ಹೊಲಕ್ಕೆ ಜೋಳ ಮರಳಬೇಕು

ಕಾಯಿ ಕಟ್ಟುವ ಹೊತ್ತಿಗೆ ತೊಗರಿ ನಿಂತಲ್ಲೇ ಒಣಗಿದರೆ ಬುಡದ ಕಾಂಡವನ್ನು ಉದ್ದಕ್ಕೆ ಸೀಳಿ ನೋಡಿ. ಒಳಗೆ ಕಂದು-ಕಪ್ಪು ಗೆರೆಗಳಿದ್ದರೆ ಅದು ನೆಟೆ ರೋಗ. ಆ ಹಂತದಲ್ಲಿ ಏನು ಸುರಿದರೂ ಗಿಡ ಉಳಿಯದು. 2022ರ ಹಂಗಾಮಿನಲ್ಲಿ ಕಲಬುರಗಿ ರೈತರು ಇದನ್ನು ಹೊಲಗಟ್ಟಲೆ ಕಂಡಿದ್ದಾರೆ.

ಫ್ಯುಸೇರಿಯಂ ಶಿಲೀಂಧ್ರ ಬೇರಿನಿಂದ ಹೊಕ್ಕು ನೀರೇರುವ ನಾಳಗಳನ್ನು ಕಟ್ಟುತ್ತದೆ. ಕೊಯ್ಲಾದ ಮೇಲೂ ಕೂಳೆಯಲ್ಲಿ ಸುಮಾರು ಮೂರು ವರ್ಷ ಬದುಕಿರುತ್ತದೆ. ಒಂದೇ ಎರೆ (ಕಪ್ಪುಮಣ್ಣಿನ) ಹೊಲಕ್ಕೆ ವರ್ಷವೂ ತೊಗರಿ ಬಿತ್ತಿದರೆ ಅದಕ್ಕೆ ಉಪವಾಸವೇ ಇಲ್ಲ. ಟಿಎಸ್-3ಆರ್‌ನಂಥ ನಿರೋಧಕ ತಳಿ ನೆರವಾಗುತ್ತದೆ ನಿಜ, ಆದರೆ ಮಣ್ಣಿನಲ್ಲಿ ಶಿಲೀಂಧ್ರ ಹಾಗೇ ಉಳಿಯುತ್ತದೆ.

ತೊಗರಿಗಾಗಿ ಜೋಳ ಬಿಟ್ಟಿದ್ದರಿಂದ ಆದ ನಷ್ಟ ಇನ್ನೂ ದೊಡ್ಡದು. ಕಣಿಕೆ (ಜೋಳದ ಒಣ ದಂಟಿನ ಮೇವು) ಇಲ್ಲದೆ ದನ ಮಾರಿದರು, ದನವಿಲ್ಲದೆ ತಿಪ್ಪೆ ಬರಿದಾಯಿತು, ಸಾವಯವ ಅಂಶ ಕರಗಿದ ಎರೆಮಣ್ಣು ಬೇಗ ಹೆಪ್ಪುಗಟ್ಟಿ ಬಿರಿಯತೊಡಗಿತು.

ಹೊಲವನ್ನು ಮೂರು ಪಾಲು ಮಾಡಿ. ಒಂದರಲ್ಲಿ ತೊಗರಿ, ಅದೂ ಒಂಟಿಯಾಗಿ ಬೇಡ: ಎರಡು ಸಾಲು ಮುಂಗಾರಿ ಜೋಳಕ್ಕೆ ಒಂದು ಸಾಲು ತೊಗರಿ. ಜೋಳದ ಜೊತೆಗಿದ್ದಾಗ ನೆಟೆ ಕಡಿಮೆಯಾಗುತ್ತದೆ. ಎರಡನೆಯದರಲ್ಲಿ ಹೆಸರು, ಅದು 65-70 ದಿನಕ್ಕೆ ಕೈಗೆ ಬಂದ ಮೇಲೆ ಹಿಂಗಾರಿ ಮಾಲದಂಡಿ ಜೋಳ. ಮೂರನೆಯದಕ್ಕೆ ಜೂನ್‌ನಲ್ಲಿ ಹಸಿರೆಲೆ ಗೊಬ್ಬರಕ್ಕೆಂದು ಎಕರೆಗೆ ಸುಮಾರು 20 ಕಿಲೋ ಸೆಣಬು ಬಿತ್ತಿ, 45 ದಿನಕ್ಕೆ, ಹೂ ಬಿಡುವ ಮೊದಲೇ ಮಣ್ಣಿಗೆ ಸೇರಿಸಿ. ಹೂ ಬಿಡಲಿ ಎಂದು ಕಾದರೆ ನಾರು ಬಲಿತು ಬೇಗ ಕೊಳೆಯುವುದಿಲ್ಲ. ಎರಡು-ಮೂರು ವಾರ ಕೊಳೆಯಲು ಬಿಟ್ಟು ಜೋಳ ಇಲ್ಲವೇ ಕುಸುಬೆ ಬಿತ್ತಬಹುದು. ಮರುವರ್ಷ ಪಾಲು ಬದಲಿಸಿ. ತೊಗರಿ ಅದೇ ಜಾಗಕ್ಕೆ ಬರುವುದು ಮೂರು ವರ್ಷದ ಮೇಲೆ.

ಬೀಜೋಪಚಾರದಲ್ಲಿ ಎಡವುವವರೇ ಹೆಚ್ಚು. ಕಿಲೋ ತೊಗರಿ ಬೀಜಕ್ಕೆ 4 ಗ್ರಾಂ ಟ್ರೈಕೊಡರ್ಮಾ (ರೋಗದ ಶಿಲೀಂಧ್ರವನ್ನು ತಡೆಯುವ ಉಪಕಾರಿ ಶಿಲೀಂಧ್ರ), ನಂತರ ಬೆಲ್ಲದ ಅಂಟಿನಲ್ಲಿ ರೈಜೋಬಿಯಂ (ಬೇರುಗಂಟಿನಲ್ಲಿ ಸಾರಜನಕ ಹಿಡಿದಿಡುವ ಬ್ಯಾಕ್ಟೀರಿಯಾ) ಹಚ್ಚಿ ನೆರಳಲ್ಲಿ ಆರಿಸಿ, ಅಂದೇ ಬಿತ್ತಬೇಕು. ಬಿಸಿಲಿಗೆ ಒಣಹಾಕಿದರೆ ಅಥವಾ ರಾಸಾಯನಿಕ ಶಿಲೀಂಧ್ರನಾಶಕದ ಜೊತೆ ಬೆರೆಸಿದರೆ ಈ ಜೀವಾಣುಗಳು ಸತ್ತುಹೋಗುತ್ತವೆ. ನೀರು ನಿಲ್ಲುವ ತಗ್ಗಿನಲ್ಲಿ ಸಾಲಿನ ನಡುವೆ ನೀರು ಹರಿದುಹೋಗುವ ಹರಿ (ಕಾಲುವೆ) ಬಿಡದಿದ್ದರೆ ಇಷ್ಟೆಲ್ಲ ಮಾಡಿದ್ದೂ ವ್ಯರ್ಥ.

ಒಣಗಿದ ಗಿಡಗಳನ್ನು ಬೇರುಸಹಿತ ಕಿತ್ತು ಒಲೆಗೆ ಹಾಕಿ, ತಿಪ್ಪೆಗಲ್ಲ. ನಮ್ಮ ತಿಪ್ಪೆಗಳು ಶಿಲೀಂಧ್ರ ಸಾಯುವಷ್ಟು ಬಿಸಿಯಾಗುವುದು ಅಪರೂಪ. ಆರೋಗ್ಯವಾದ ತೊಗರಿ ಕಟ್ಟಿಗೆಯನ್ನು ಹೊಲದಲ್ಲೇ ಸುಡದೆ ಪುಡಿಮಾಡಿ ಸೆಗಣಿಯೊಂದಿಗೆ ಕೊಳೆಸಿ.

ಸ್ವಂತ ದನವಿಲ್ಲದವರು ಬೇಸಿಗೆಯಲ್ಲಿ ಕುರಿಗಾರರನ್ನು ಮಾತಾಡಿಸಿ ಹೊಲದಲ್ಲಿ ಹಿಂಡು ನಿಲ್ಲಿಸಲಿ. ಅಕ್ಕಪಕ್ಕದ ನಾಲ್ಕೈದು ಮಂದಿ ಕೂಡಿ ಕರೆದರೆ ಅವರಿಗೂ ಅಲೆದಾಟ ತಪ್ಪುತ್ತದೆ, ರೈತರಿಗೂ ಖರ್ಚು ಹಂಚಿಹೋಗುತ್ತದೆ. ಹಿಂಡು ಎದ್ದ ಕೂಡಲೇ ಕುಂಟೆ ಹೊಡೆದು ಹಿಕ್ಕೆಯನ್ನು ಮಣ್ಣಲ್ಲಿ ಮುಚ್ಚಬೇಕು, ಇಲ್ಲವಾದರೆ ನಮ್ಮ ಬಿಸಿಲಿಗೆ ಅದರ ಸಾರಜನಕ ಅಮೋನಿಯವಾಗಿ ಗಾಳಿಗೆ ಹೋಗುತ್ತದೆ.